ಇತರೆ ಬಾಬ್ತು

ಅಜ್ಜನ ಮನೆಯ ಅಟ್ಟದ ಮೇಲೆ ಒಂದು ಮರದ ಪೆಟ್ಟಿಗೆ. ಅದರ ತುಂಬ ಕೆಂಪು ರಟ್ಟಿನ ಉದ್ದುದ್ದ ಪುಸ್ತಕಗಳು. ವರ್ಷಕ್ಕೊಂದರಂತೆ 65. ಅಜ್ಜ ಸಾಗರದ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ. ದೀಪಾವಳಿಗೆ ಮಂಡಿಯಲ್ಲಿ ಹೊಸ ಲೆಕ್ಕದ ಪುಸ್ತಕಗಳಿಗೆ ಪೂಜೆ ಆಗುವಾಗ ಒಂದು ಪುಸ್ತಕ ಮನೆಗೂ ಬರುತ್ತಿತ್ತು. ಹಗಲಿಡೀ ಬೆಟ್ಟೆ, ರಾಶಿ, ಗೊರಬಲು ಅಂತ ಊರವರ ಅಡಿಕೆ ಲೆಕ್ಕ ಬರೆದವನು ರಾತ್ರಿ ಊಟಕ್ಕೆ ಮುಂಚೆ ಕೂತು ಮನೆಯ ಕಿರ್ದಿ, ಅಂದರೆ ದಿನದ ಜಮಾಖರ್ಚು, ಬರೆಯುತ್ತಿದ್ದ. ಶಿಲ್ಕು, ಅಂದರೆ ಕೈಯಲ್ಲಿ ಉಳಿದ ದುಡ್ಡು, ತಾಳೆಯಾಗದೆ ಎಲೆ ಹಾಕುವ ಹಾಗಿರಲಿಲ್ಲ. ಎರಡು ಪೈಸೆ ಹೆಚ್ಚುಕಮ್ಮಿಯಾಗಿ ಮಕ್ಕಳು ಹಸಿದು ನಿದ್ದೆ ಹೋದದ್ದೂ ಇದೆಯಂತೆ.

2019ರಲ್ಲಿ ಅಜ್ಜ ತೀರಿಕೊಂಡ. 91 ವರ್ಷ. ಹದಿಮೂರು ದಿನ ಮನೆ ತುಂಬ ನೆಂಟರು. ಎಲ್ಲರಿಗೂ ಒಂದೊಂದು ಕೆಲಸ ಇತ್ತು, ಮೊಮ್ಮಕ್ಕಳಿಗೆ ಮಾತ್ರ ಇರಲಿಲ್ಲ. ಸುಮ್ನೆ ಅಟ್ಟ ಹತ್ತಿ ಪೆಟ್ಟಿಗೆ ತೆಗೆದೆವು.

ಮೊದಲ ಪುಸ್ತಕ 1953ರದ್ದು, ಮದುವೆಯಾದ ವರ್ಷ. ಮೇಲೆ ‘ಶ್ರೀ’, ಕೆಳಗೆ ರೂಪಾಯಿ, ಆಣೆ, ಪೈ ಅಂತ ಮೂರು ಕಾಲಮ್ಮು. ಮೊದಲ ಖರ್ಚು, ಹಿತ್ತಾಳೆ ಚೊಂಬು ಒಂದು. ಆ ಚೊಂಬು ಈಗಲೂ ಬಚ್ಚಲಲ್ಲಿದೆ, ತಳಕ್ಕೆ ಎರಡು ಸಲ ಬೆಸುಗೆ ಬಿದ್ದಿದೆ ಅಷ್ಟೇ.

1957ರ ಏಪ್ರಿಲ್ ಒಂದರ ಪುಟ ನೋಡಬೇಕು. ಅವತ್ತಿನಿಂದ ಆಣೆ ಹೋಗಿ ನಯಾ ಪೈಸೆ ಬಂತು. ರೂಪಾಯಿಗೆ 16 ಆಣೆ ಇದ್ದದ್ದು 100 ಪೈಸೆ ಆಯಿತು. ಒಂದಾಣೆಗೆ ಸರಿಯಾಗಿ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಎಲ್ಲಿಂದ ತರೋದು? ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಅಂತ ಸರ್ಕಾರ ಲೆಕ್ಕ ಕೊಟ್ಟಿತು. ಅಜ್ಜ ಅದನ್ನು ರಟ್ಟಿನ ಒಳಮೈಗೆ ಬರೆದುಕೊಂಡಿದ್ದಾನೆ. ಪಕ್ಕದಲ್ಲಿ ಸಣ್ಣಕ್ಷರದ ಒಂದು ಷರಾ: ‘ನಾಲ್ಕು ಸಲ ಒಂದೊಂದು ಆಣೆ ಕೊಟ್ಟರೆ 24. ಒಂದೇ ಸಲ ನಾಲ್ಕಾಣೆ ಕೊಟ್ಟರೆ 25. ಬಿಡಿಯಾಗಿ ಕೊಳ್ಳತಕ್ಕದ್ದು.’ ಆಮೇಲಿನ ಆರು ತಿಂಗಳು ಮನೆಗೆ ಎಲ್ಲವೂ ಒಂದೊಂದಾಣೆಯ ಪೊಟ್ಟಣದಲ್ಲೇ ಬಂದಿದೆ!

ಪುಟ ತಿರುವುತ್ತ ಹೋದಂತೆ ಸೇರು ಹೋಗಿ ಕಿಲೋ ಬಂತು. ಹೊಸ ಪುಸ್ತಕದ ಮೊದಲ ಪುಟದಲ್ಲಿ ಊರು, ಜಿಲ್ಲೆ ಆದಮೇಲೆ ‘ಮೈಸೂರು ರಾಜ್ಯ’ ಅಂತ ಇರುತ್ತಿದ್ದದ್ದು 1973ರ ನಂತರ ‘ಕರ್ನಾಟಕ’ ಆಯಿತು. ಉಳಿದಂತೆ ಎಲ್ಲ ಬೇರೆಯವರ ಬಾಬ್ತು. ದೊಡ್ಡಪ್ಪನ ಬಳಪ, ಅತ್ತೆಯ ಬಾಣಂತನ, ಅಪ್ಪನ ಕಾಲೇಜು ಫೀಸು, ಅಜ್ಜನ ತಂಗಿಯ ಗಂಡನ ಕಣ್ಣಿನ ಆಪರೇಷನ್ನು. 1972ರಲ್ಲಿ ಒಂದು ಕಡೆ ‘ಬಳೆ ಎರಡು, ಒತ್ತೆ’ ಅಂತ ಪೆನ್ಸಿಲ್ಲಿನಲ್ಲಿದೆ. ಶಾಯಿಯಲ್ಲಿ ಬರೆಯಲು ಮನಸ್ಸಾಗಲಿಲ್ಲ ಅಂತ ಕಾಣುತ್ತದೆ. ಹದಿನಾಲ್ಕು ತಿಂಗಳಾದ ಮೇಲೆ ‘ಬಳೆ ಬಿಡಿಸಿದ್ದು’. ಇದು ಶಾಯಿಯಲ್ಲಿ, ಕೆಳಗೆ ಕೆಂಪು ಗೆರೆ ಎರಡು. ಎರಡನೇ ಗೆರೆ ಹಾಳೆಯನ್ನು ಸ್ವಲ್ಪ ಹರಿದಿದೆ.

ತನಗೆ ಅಂತ ಏನು ಖರ್ಚು ಮಾಡಿದ್ದಾನೆ ಅಂತ ಹುಡುಕಿದೆವು. ವರ್ಷಕ್ಕೆ ಎರಡು ಪಂಚೆ. ಕ್ಷೌರ. ಚಪ್ಪಲಿಗೆ ಅಟ್ಟೆ. ಮುಗಿಯಿತು.

ಆಗ ನನ್ನ ಚಿಕ್ಕಪ್ಪನ ಮಗಳ ಕಣ್ಣಿಗೆ ಒಂದು ಸಾಲು ಬಿತ್ತು. ‘ಇತರೆ, 0–1–0’. ವಾರಕ್ಕೊಂದು ಸಲ, ಸಂತೆಯ ದಿನ. ಏನು, ಯಾರಿಗೆ ಅಂತ ಇಲ್ಲ. ಅರ್ಧ ಸೇರು ಉಪ್ಪಿಗೂ ಅಂಗಡಿಯವನ ಹೆಸರು ಬರೆಯುವ ಮನುಷ್ಯ ಇವನು. 1955ರಲ್ಲಿ ಶುರುವಾದ ಈ ಸಾಲು 1957ರಲ್ಲಿ ‘ಇತರೆ 0.06’ ಆಗಿದೆ, ಆಮೇಲೆ ನಾಲ್ಕಾಣೆ, ಒಂದು ರೂಪಾಯಿ, ಕೊನೆಯ ಪುಸ್ತಕದಲ್ಲಿ ಹತ್ತು ರೂಪಾಯಿ. ಒಂದು ವಾರವೂ ತಪ್ಪಿಲ್ಲ.

‘ಮಲ್ಲಿಗೆ ಹೂವು, ಅಜ್ಜಿಗೆ’ ಅಂತ ಅವಳು ತೀರ್ಮಾನ ಕೊಟ್ಟಳು. ನಮಗೂ ಹೌದು ಅನ್ನಿಸಿತು. ಇಬ್ಬರು ಕಣ್ಣೊರೆಸಿಕೊಂಡರು. ಪುಸ್ತಕ ಹಿಡಿದುಕೊಂಡು ಅಜ್ಜಿಯ ಹತ್ತಿರ ಇಳಿದೆವು.

ಅಜ್ಜಿ ಕನ್ನಡಕ ಹಾಕಿಕೊಂಡು ಸಾಲು ನೋಡಿದಳು. ಎಷ್ಟೋ ದಿನದ ಮೇಲೆ ನಕ್ಕಳು.

‘ಹೂವಂತೆ! ಅಂಗಳ ತುಂಬ ಮಲ್ಲಿಗೆ ಇಟ್ಕೊಂಡು ಯಾರಾದ್ರೂ ಹೂವು ಕೊಂಡು ತರ್ತಾರಾ ಮಾರಾಯ್ತಿ? ಅದು ನಶ್ಯ.’

ಕತೆ ಇಷ್ಟು. ದೊಡ್ಡಪ್ಪ ಹುಟ್ಟಿದ ಹೊಸತರಲ್ಲಿ ಅಜ್ಜನ ಸೀನಿಗೆ ತೊಟ್ಟಿಲ ಕೂಸು ದಿನಕ್ಕೆ ನಾಲ್ಕು ಸಲ ಬೆಚ್ಚಿ ಎದ್ದುಬಿಡುತ್ತಿತ್ತಂತೆ. ಅಜ್ಜಿ ದೇವರ ಮುಂದೆ ನಿಲ್ಲಿಸಿ ನಶ್ಯ ಬಿಡಿಸಿದಳು. ಅಜ್ಜ ಬಿಟ್ಟ, ಮನೆಯಲ್ಲಿ. ಮಂಡಿಯಲ್ಲಿ ಬಿಡಲಿಲ್ಲ. ಹೆಂಡತಿಗೆ ಸುಳ್ಳು ಹೇಳಿಯಾಗಿತ್ತು, ಇನ್ನು ಪುಸ್ತಕಕ್ಕೂ ಹೇಳಲು ಧೈರ್ಯ ಬಂದಿಲ್ಲ. ‘ಉಪ್ಪು’ ಅಂತ ಬರೆದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಹೇಳಿ? ಅದು ಆಗಲಿಲ್ಲ ಅವನಿಂದ.

‘ನಿಂಗೆ ಹೇಗೆ ಗೊತ್ತಾಯ್ತು ಅಜ್ಜಿ?’

‘ಕರವಸ್ತ್ರ ಒಗೆಯೋಳು ಯಾರು?’

‘ಮತ್ತೆ ಕೇಳ್ಲಿಲ್ವಾ?’

‘ಕೇಳಿದ್ರೆ ಬಿಟ್ಟುಬಿಡೋರು’ ಅಂದಳು. ಸ್ವಲ್ಪ ಹೊತ್ತು ಪುಸ್ತಕದ ಮೇಲೆ ಕೈಯಾಡಿಸುತ್ತ ಕೂತಿದ್ದಳು. ‘ಇದೊಂದಾದ್ರೂ ಇರ್ಲಿ ಅಂತ ಸುಮ್ನಿದ್ದೆ.’

ವೈಕುಂಠ ಸಮಾರಾಧನೆಯ ರಾತ್ರಿ ದೊಡ್ಡಪ್ಪ ಅಜ್ಜನ ಕೊನೆಯ ಪುಸ್ತಕ ತೆಗೆದುಕೊಂಡು ಜಗಲಿಯಲ್ಲಿ ಕೂತರು. ಬಾಳೆ ಎಲೆ, ತುಪ್ಪ, ಭಟ್ಟರ ದಕ್ಷಿಣೆ, ಅಡುಗೆಯವರ ಸಂಬಳ. ಫೋನಿನಲ್ಲಿ ಕೊಟ್ಟದ್ದೆಲ್ಲ ಸರಿಯಾಗಿ ಕೂಡಿತು. ಕೈಯಲ್ಲಿ ಕೊಟ್ಟ ದುಡ್ಡಿನಲ್ಲಿ 40 ರೂಪಾಯಿ ಸಿಗಲಿಲ್ಲ. ಮೂರು ಸಲ ಕೂಡಿದರು. ಅಪ್ಪ ಒಂದು ಸಲ ಕೂಡಿದರು. ಹನ್ನೊಂದು ಗಂಟೆಯಾದರೂ ಯಾರೂ ಊಟಕ್ಕೆ ಏಳಲಿಲ್ಲ.

ಒಳಗಿನಿಂದ ಅಜ್ಜಿಯ ದನಿ ಬಂತು.

‘ಇತರೆ ಅಂತ ಬರ್ದು ಏಳ್ರೋ. ಅನ್ನ ಆರ್ತಿದೆ.’