ಸ್ಟೀರಾಯ್ಡ್ ಒಂದೇ ಕಾರಣವಲ್ಲ
ಕೋವಿಡ್ ಬಂದ ಮಧುಮೇಹಿಗಳಲ್ಲಿ ಸಕ್ಕರೆ ಏರಿದ್ದು ಸ್ಟೀರಾಯ್ಡ್‌ನಿಂದಲೇ ಎಂಬ ಲೇಖನದ ಮಾತನ್ನು ಒಪ್ಪಲಾರೆ. 2021ರ ಮೇ ತಿಂಗಳಲ್ಲಿ ನಮ್ಮ ತಂದೆಯವರಿಗೆ ಜ್ವರ ಬಂದ ಮೂರನೆಯ ದಿನ, ಸ್ಟೀರಾಯ್ಡ್ ಶುರುವಾಗುವ ಮೊದಲೇ, ಗ್ಲುಕೋಮೀಟರ್ 286 ತೋರಿಸಿತ್ತು. ತಿಂದದ್ದು ಎರಡು ಲೋಟ ಗಂಜಿ, ಅಷ್ಟೇ. ಅದೇ ದಿನದ ವರದಿಯಲ್ಲಿ ರಕ್ತದ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ 7.1, ಅಂದರೆ ಹಿಂದಿನ ಎರಡು ಮೂರು ತಿಂಗಳು ಸಕ್ಕರೆ ಹೆಚ್ಚುಕಡಿಮೆ ಹತೋಟಿಯಲ್ಲೇ ಇತ್ತು. ಉರಿಯೂತ ಸೂಚಿಸುವ ಸಿಆರ್‌ಪಿ ಏರಿತ್ತು, ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಇಳಿದಿತ್ತು; ಎರಡೂ ಸೋಂಕಿನ ಲಕ್ಷಣ. ಸೋಂಕಿಗೆ ಒಳಗಾದ ದೇಹ ತಾನೇ ಸುರಿಸುವ ಕಾರ್ಟಿಸಾಲ್, ಅಡ್ರಿನಲಿನ್ ಹಾರ್ಮೋನುಗಳು ಸಕ್ಕರೆ ಇಳಿಸುವ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಬರುತ್ತವೆ. ಸ್ಟೀರಾಯ್ಡ್ ಸಕ್ಕರೆಯನ್ನು ಇನ್ನಷ್ಟು ಏರಿಸುತ್ತದೆ, ನಿಜ. ಆದರೆ ಆ ಲೇಖನ ಓದಿ, ಆಮ್ಲಜನಕದ ಮೇಲಿರುವ ರೋಗಿಯ ಮನೆಯವರು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಬೇಡವೆಂದರೆ ಜೀವಕ್ಕೇ ಕುತ್ತು. ನಮ್ಮ ತಂದೆಯವರಿಗೂ ಕೊಟ್ಟರು. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಡಿ ಇನ್ಸುಲಿನ್ ಹೊಂದಿಸಿದರು.