ಖಾರ ಎಷ್ಟು ಬೇಕು?

ಪ್ರತಿ ವರ್ಷ ಆಗಸ್ಟ್ ಕೊನೆಯಲ್ಲಿ, ವಿಶ್ವವಿದ್ಯಾಲಯ ಬಾಗಿಲು ತೆರೆದು ಬ್ಲೂಮಿಂಗ್ಟನ್ನಿನ ಬೀದಿಗಳೆಲ್ಲ ಹಾಸಿಗೆ ಹೊತ್ತು ತಿರುಗುವ ಹುಡುಗ ಹುಡುಗಿಯರಿಂದ ತುಂಬಿಕೊಳ್ಳುವ ವಾರದಲ್ಲಿ, ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದವರು ಯಾರಾದರೂ ನನ್ನನ್ನು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ‘ಇಲ್ಲಿ ಒಳ್ಳೆಯ ಏಷ್ಯನ್ ರೆಸ್ಟೋರೆಂಟ್ ಯಾವುದು?’ ವಿಭಾಗದಲ್ಲಿ ಆ ಖಂಡದಿಂದ ಬಂದವನು ನಾನೊಬ್ಬನೇ ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತಿಗೆ ತೂಕವಿರಬೇಕೆಂದು ಅವರ ನಂಬಿಕೆ. ಪಿರಿಯಾಪಟ್ಟಣದಲ್ಲಿ ಹುಟ್ಟಿ, ಇಪ್ಪತ್ತಾರು ವರ್ಷದವರೆಗೂ ಚೀನಾದ ಊಟವೆಂದರೆ ಬಸ್ ನಿಲ್ದಾಣದ ಬಳಿ ತಳ್ಳುಗಾಡಿಯಲ್ಲಿ ಸಿಗುವ ಕೆಂಪು ಗೋಬಿ ಮಂಚೂರಿ ಎಂದೇ ತಿಳಿದಿದ್ದವನಿಗೆ ಈ ಗೌರವ ಸ್ವಲ್ಪ ಹೆಚ್ಚಾಯಿತು. ಆದರೂ ಸಿಕ್ಕ ಗೌರವವನ್ನು ತಿರಸ್ಕರಿಸುವ ಅಭ್ಯಾಸ ನನಗಿಲ್ಲ. ಹದಿನಾಲ್ಕು ವರ್ಷಗಳಿಂದ ಉತ್ತರ ಕೊಡುತ್ತಲೇ ಬಂದಿದ್ದೇನೆ.

ಮೊದಲ ತೊಡಕು ‘ಏಷ್ಯನ್’ ಎಂಬ ಪದದಲ್ಲೇ ಇದೆ. ಇಂಗ್ಲೆಂಡಿನಲ್ಲಿ ಆ ಮಾತು ಆಡಿದರೆ ನಮ್ಮನ್ನೂ ನಮ್ಮ ನೆರೆಯವರನ್ನೂ ಕುರಿತು ಆಡಿದಂತೆ. ಅಮೆರಿಕದಲ್ಲಿ ಅದು ಚೀನಾ, ಜಪಾನ್, ಕೊರಿಯಾಗಳ ಕಡೆಗೆ ಮುಖ ಮಾಡಿ ನಿಂತಿರುತ್ತದೆ. ಇಲ್ಲಿನ ಜನಗಣತಿಯವರು 1980ರಿಂದ ನಮ್ಮನ್ನು ಏಷ್ಯನ್ನರ ಸಾಲಿಗೆ ಸೇರಿಸಿಕೊಂಡಿದ್ದಾರಾದರೂ ಊಟದ ಲೆಕ್ಕದಲ್ಲಿ ನಮ್ಮನ್ನಿನ್ನೂ ಹೊರಗೇ ಇಟ್ಟಿದ್ದಾರೆ. ಏಷ್ಯನ್ ಊಟಕ್ಕೆ ಹೋಗೋಣವೆಂದು ಕರೆದವರು ಯಾರೂ ನನ್ನನ್ನು ದಾಲ್ ಇರುವ ಕಡೆಗೆ ಕರೆದೊಯ್ದಿಲ್ಲ. ಟರ್ಕಿಯವರ ಕಬಾಬ್ ಅಂಗಡಿಯ ಮಾತಂತೂ ಬೇಡವೇ ಬೇಡ. ಟರ್ಕಿಯ ಬಹುಭಾಗ ಏಷ್ಯಾದಲ್ಲೇ ಇದೆಯೆಂದು ಒಮ್ಮೆ ನಕಾಶೆ ತೋರಿಸಿ ವಾದಿಸಲು ಹೋಗಿ ಊಟ ತಣ್ಣಗಾಗಿತ್ತು.

ಇಂಡಿಯಾನಾ ರಾಜ್ಯದ ದಕ್ಷಿಣದಲ್ಲಿರುವ ಈ ಊರಿನ ಜನಸಂಖ್ಯೆ ಸುಮಾರು 80,000. ಊರಿನ ಲೆಕ್ಕ ಯಾವುದು, 1820ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ನಲವತ್ತು ಸಾವಿರಕ್ಕೂ ಮಿಕ್ಕಿದ ವಿದ್ಯಾರ್ಥಿಗಳ ಲೆಕ್ಕ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ. ಊರಾಚೆ ಎತ್ತ ನೋಡಿದರೂ ಮುಸುಕಿನ ಜೋಳದ ಹೊಲ, ಸೋಯಾಬೀನ್ ಹೊಲ ಮತ್ತು ಸುಣ್ಣದಕಲ್ಲಿನ ಕ್ವಾರಿ. ಇಂಥ ಊರಿನಲ್ಲಿ, ಕ್ಯಾಂಪಸ್ಸಿನಿಂದ ಪೇಟೆಯ ಕಡೆಗೆ ಇಳಿಯುವ ಈಸ್ಟ್ ಫೋರ್ತ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಹಳೆಯ ವಾಸದ ಮನೆಗಳೇ ಹೋಟೆಲುಗಳಾಗಿವೆ. ಜಗಲಿಯಲ್ಲಿ ನಾಲ್ಕು ಮೇಜು, ನಡುಮನೆಯಲ್ಲಿ ಎಂಟು. ಒಂದು ಕಾಲಕ್ಕೆ ಯಾರೋ ಮಲಗುತ್ತಿದ್ದ ಕೋಣೆಯಲ್ಲಿ ಈಗ ಥಾಯ್ ದೇಶದ ರಾಜನ ಭಾವಚಿತ್ರ. ಹೀಗೆ ಮನೆಯೊಳಗೇ ಕೂತು ಉಣ್ಣುವುದರಿಂದ ಬಿಲ್ಲು ಕೊಡುವಾಗ ನೆಂಟರ ಮನೆಯಲ್ಲಿ ದುಡ್ಡು ತೆತ್ತಂಥ ಮುಜುಗರ ನನಗೆ ಈಗಲೂ ಆಗುತ್ತದೆ.

ಹೋಲಿಕೆಗೆ ಹೊರಟವರು ಸಾಮಾನ್ಯವಾಗಿ ರುಚಿ, ಬೆಲೆ, ಶುಚಿ ಎಂದು ಅಂಕ ಹಾಕುತ್ತಾರೆ. ನನ್ನ ಅಳತೆಗೋಲು ಬೇರೆ. ಬಾಗಿಲಲ್ಲಿ ಕಾಲಿಟ್ಟ ನನ್ನನ್ನು ನೋಡಿ, ಈ ಮನುಷ್ಯ ಏನನ್ನು ತಿಂದಾನು, ಎಷ್ಟನ್ನು ತಡೆದಾನು ಎಂದು ಹೋಟೆಲಿನವರು ಮನಸ್ಸಿನಲ್ಲೇ ಕಟ್ಟುವ ಅಂದಾಜು ಎಷ್ಟು ಸರಿ, ಎಷ್ಟು ತಪ್ಪು ಎಂಬುದನ್ನು ಮಾತ್ರ ನಾನು ಗಮನಿಸುತ್ತೇನೆ.

ಥಾಯ್ ಹೋಟೆಲುಗಳಲ್ಲಿ ಈ ಅಂದಾಜು ಅಂಕಿಯ ರೂಪದಲ್ಲೇ ಇರುತ್ತದೆ. ಖಾರ ಒಂದರಿಂದ ಐದರೊಳಗೆ ಎಷ್ಟು ಬೇಕೆಂದು ಕೇಳುತ್ತಾರೆ. ಮೊದಲ ಸಲ ನಾನು ಊರಿನ ಮಾನ ಉಳಿಸಬೇಕೆಂದು ಐದು ಎಂದೆ. ಬಡಿಸುವಾಕೆ ನನ್ನ ಮುಖವನ್ನೊಮ್ಮೆ, ಎದುರು ಕೂತಿದ್ದ ಅಮೆರಿಕನ್ ಗೆಳೆಯನ ಮುಖವನ್ನೊಮ್ಮೆ ನೋಡಿ, ಇಬ್ಬರ ಸರಾಸರಿ ತೆಗೆದು ಮೂರನ್ನು ತಂದಿಟ್ಟಳು. ಎರಡನೆಯ ಸಲ ಒಬ್ಬನೇ ಹೋಗಿ ಐದು ಎಂದು ಒತ್ತಿ ಹೇಳಿದಾಗ ಬಂದದ್ದು ನಿಜವಾದ ಐದು. ಹಸಿಮೆಣಸಿನಕಾಯಿಯ ಜೊತೆಗೇ ರಾಗಿಮುದ್ದೆ ನುಂಗಿ ಬೆಳೆದ ನಾನು ಅಂದು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ, ಯಾರಿಗೂ ಕಾಣದಂತೆ ಬರಿಯ ಅನ್ನ ತಿಂದು ಎದ್ದು ಬಂದೆ. ಅಂದಿನಿಂದ ನನ್ನ ಅಂಕಿ ನಾಲ್ಕು. ಥಾಯ್ಲೆಂಡ್ ಸರ್ಕಾರ 2002ರಲ್ಲಿ ಹೊರದೇಶಗಳಲ್ಲಿ ತನ್ನ ದೇಶದ ಹೋಟೆಲುಗಳನ್ನು ಹೆಚ್ಚಿಸುವುದಕ್ಕೆಂದೇ ಒಂದು ಯೋಜನೆ ಆರಂಭಿಸಿತು; ನಾಲಗೆಯ ಮೂಲಕ ದೇಶದ ಹೆಸರು ಬೆಳೆಸುವ ಆಲೋಚನೆ ಅದು. ನಮ್ಮ ಮನೆಯಲ್ಲಿ ಆ ಆಲೋಚನೆಗೆ ಅಡ್ಡ ಬಂದದ್ದು ಮೀನಿನ ಸಾಸ್. ಸಸ್ಯಾಹಾರಿಯಾದ ನನ್ನ ಹೆಂಡತಿ ಪ್ಯಾಡ್ ಥಾಯ್ ತರಿಸುವ ಮುನ್ನ ಅದನ್ನು ಹಾಕುತ್ತೀರಾ ಎಂದು ಕೇಳುತ್ತಾಳೆ. ‘ಇಲ್ಲ, ಸ್ವಲ್ಪ ಮಾತ್ರ’ ಎಂಬ ಉತ್ತರ ಬರುತ್ತದೆ. ಸುಳ್ಳು ಹೇಳುವ ಉದ್ದೇಶ ಅವರಿಗಿಲ್ಲ. ಅವರ ಪಾಲಿಗೆ ಅದು ಮೀನಲ್ಲ, ಉಪ್ಪು.

ಚೀನಾದ ಹೋಟೆಲುಗಳ ಅಂದಾಜು ಇದಕ್ಕಿಂತ ಹಳೆಯದು, ಹೆಚ್ಚು ಪಳಗಿದ್ದು. ನಾನು ಬಂದ ಹೊಸತರಲ್ಲಿ ಹೋಗುತ್ತಿದ್ದ ಕಡೆ ಎಲ್ಲಕ್ಕೂ ಒಂದೇ ಸಿಹಿಗೆಂಪು ಸಾರ. ಜನರಲ್ ಸೋ ಹೆಸರಿನ ಕೋಳಿಯನ್ನು ರೂಪಿಸಿದವರು ಹುನಾನ್ ಪ್ರಾಂತದಿಂದ ತೈವಾನಿಗೆ ಬಂದ ಪೆಂಗ್ ಚಾಂಗ್-ಕ್ವೇ ಎಂಬ ಬಾಣಸಿಗರು. ಅವರ ಮೂಲ ಅಡುಗೆಯಲ್ಲಿ ಸಕ್ಕರೆ ಇರಲಿಲ್ಲ, ಅದು ಸೇರಿದ್ದು ಅಮೆರಿಕದಲ್ಲಿ. ಊಟದ ಕೊನೆಗೆ ಕೊಡುವ, ಒಡೆದರೆ ಭವಿಷ್ಯದ ಚೀಟಿ ಸಿಗುವ ಬಿಸ್ಕತ್ತಿನ ಬೇರು ಜಪಾನಿನಲ್ಲಿದೆ. ಮಿಕ್ಕದ್ದನ್ನು ಮನೆಗೆ ಒಯ್ಯುವ ತಂತಿ ಹಿಡಿಯ ಕಾಗದದ ಡಬ್ಬಿಗೆ 1894ರಲ್ಲಿ ಪೇಟೆಂಟ್ ಪಡೆದವನು ಇಲ್ಲಿಗೆ ದೂರವಲ್ಲದ ಶಿಕಾಗೋದವನು, ಅದೂ ಸಿಂಪಿಯಂಥ ಹಸಿ ಪದಾರ್ಥ ಒಯ್ಯುವುದಕ್ಕೆ. ಚೀನಾದ್ದೆಂದು ನಾವು ತಿಂದ, ಒಡೆದ, ಹೊತ್ತು ತಂದ ಮೂರೂ ಬೇರೆಡೆಯವು ಎಂದು ತಿಳಿದಾಗ ನನಗೆ ಬೇಸರವೇನೂ ಆಗಲಿಲ್ಲ. ಗೋಬಿ ಮಂಚೂರಿಯ ನಾಡಿನವನಿಗೆ ಆ ಹಕ್ಕಿಲ್ಲ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಅದಕ್ಕೆ ಹಾಕುವ ಕೃತಕ ಬಣ್ಣವನ್ನು ನಿಷೇಧಿಸಿದ ಸುದ್ದಿ ಓದಿ, ಸಾವಿರಾರು ಮೈಲಿ ದೂರದಲ್ಲಿ ಕೂತು ನನ್ನ ಬಾಲ್ಯದ ಕೆಂಪು ಬೆರಳುಗಳನ್ನು ನೆನೆದು ಸ್ವಲ್ಪ ಹೊತ್ತು ಮರುಗಿದ್ದೇನೆ.

ಆಮೇಲೆ ಚೀನಾದಿಂದ ಬರುವ ವಿದ್ಯಾರ್ಥಿಗಳು ಹೆಚ್ಚಾದರು, ಹೋಟೆಲುಗಳ ಅಂದಾಜು ಎರಡಾಗಿ ಸೀಳಿತು. ಗಲ್ಲಾದ ಕೆಳಗೆ ಎರಡನೆಯ ಮೆನು ಹುಟ್ಟಿಕೊಂಡಿತು. ಅದು ಚೀನೀ ಲಿಪಿಯಲ್ಲಿತ್ತು, ಕೇಳದವರಿಗೆ ಕೊಡುತ್ತಿರಲಿಲ್ಲ. ಪಕ್ಕದ ಮೇಜಿನ ಹುಡುಗರ ಮುಂದೆ ಒಣಮೆಣಸಿನಕಾಯಿಯ ಗುಡ್ಡೆಯೊಳಗೆ ಹುದುಗಿದ ಏನೋ ಘಮಗುಡುತ್ತಿದ್ದರೆ, ನಾವು ಅನಾನಸ್ ತುಂಡು ತಿನ್ನುತ್ತ ಕೂತಿರುತ್ತಿದ್ದೆವು. ಒಂದು ಸಂಜೆ ಧೈರ್ಯ ಮಾಡಿ ಆ ಮೇಜಿನತ್ತ ಬೆರಳು ತೋರಿಸಿ, ಅದನ್ನೇ ಮಾಂಸವಿಲ್ಲದೆ, ಟೋಫು ಹಾಕಿ ಮಾಡಿಕೊಡಿ ಎಂದೆ. ಬಡಿಸುವವನು ಎರಡು ಸಲ ‘ಬಹಳ ಖಾರ’ ಎಂದು ಎಚ್ಚರಿಸಿ ಒಳಗೆ ಹೋದ. ತಟ್ಟೆ ಬಂದಾಗ ನನ್ನ ಹೆಂಡತಿ ಮೊದಲ ತುತ್ತಿಗೇ ಚಮಚ ಕೆಳಗಿಟ್ಟಳು. ತುಟಿಯಲ್ಲಿ ಸಣ್ಣಗೆ ವಿದ್ಯುತ್ ಹರಿದಂತೆ, ನಾಲಗೆಯ ತುದಿ ಜುಮ್ಮೆಂದು ಜೋಮು ಹಿಡಿದಂತೆ ಆಗಿತ್ತು. ಮೆಣಸಿನಕಾಯಿಗಳ ನಡುವೆ ಚಮಚದಿಂದ ಕೆದಕಿ, ಬಾಯಿಬಿಟ್ಟ ಒಂದು ಪುಟ್ಟ ಕಂದು ಸಿಪ್ಪೆಯನ್ನು ಅಂಗೈಯ ಮೇಲಿಟ್ಟುಕೊಂಡು ಮೂಸಿದ ಅವಳು, ‘ಇದು ಜುಮ್ಮನಕಾಯಿ ಅಲ್ದಾ!’ ಎಂದಳು. ಸಾಗರದ ಕಡೆಯ ಅವಳ ಅಜ್ಜಿ ಸಾರಿಗೆ ಹಾಕುತ್ತಿದ್ದ, ಕರಾವಳಿಯ ಕೊಂಕಣಿಗರು ತೆಪ್ಪಲವೆಂದು ಕರೆಯುವ ಕಾಯಿಯ ದಾಯಾದಿಯೇ ಅದು. ಎರಡೂ ಒಂದೇ ಕುಲದ ಗಿಡಗಳು. ನಿಂಬೆ ಜಾತಿಯ ಮರಗಳಿಗೆ ರೋಗ ತರಬಹುದೆಂಬ ಭಯದಿಂದ ಅಮೆರಿಕ ಸಿಚುವಾನಿನ ಈ ಕಾಯಿಯ ಆಮದನ್ನು 1968ರಿಂದ 2005ರವರೆಗೆ ನಿಷೇಧಿಸಿತ್ತು. ಹಾಗಾಗಿ ಜನರಲ್ ಸೋನ ಸಕ್ಕರೆಗೆ ಎದುರಾಳಿಯೇ ಇಲ್ಲದೆ ಹೋಗಿದ್ದರಲ್ಲಿ ಆಶ್ಚರ್ಯವಿಲ್ಲ. ಅಂದು ಬಡಿಸುವವನು ದೂರದಿಂದ ನಮ್ಮ ತಟ್ಟೆ ಖಾಲಿಯಾಗುವುದನ್ನು ನೋಡುತ್ತಲೇ ಇದ್ದ. ಮುಂದಿನ ವಾರದಿಂದ, ಓದಲು ಬಾರದಿದ್ದರೂ, ನಮಗೆ ಎರಡನೆಯ ಮೆನುವೇ ಸಿಗತೊಡಗಿತು.

ಕೊರಿಯಾದವರು ಯಾವ ಅಂದಾಜನ್ನೂ ಕಟ್ಟುವುದಿಲ್ಲ. ಕೇಳುವ ಮೊದಲೇ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಕಿಮ್ಚಿ, ಮೊಳಕೆಕಾಳು, ಮೂಲಂಗಿ, ಪಾಲಕ್ ತಂದು ಹರಡುತ್ತಾರೆ. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬೀಳುವ ಕ್ರಮವನ್ನು ಕಂಡವನಿಗೆ ಅಲ್ಲಿ ಹೇಳಿಕೊಡಬೇಕಾದದ್ದು ಏನೂ ಇಲ್ಲ. ಕೇಳಿದರೆ ಮತ್ತೆ ಬಡಿಸುತ್ತಾರೆ, ಬಿಲ್ಲಿಗೆ ಸೇರಿಸುವುದಿಲ್ಲ. ಇಡ್ಲಿ ಒಂದು ಪ್ಲೇಟು ತೆಗೆದುಕೊಂಡು ಸಾಂಬಾರಿಗೆ ನಾಲ್ಕು ಸಲ ಕೈಚಾಚುವ ನಮ್ಮವರಿಗೆ ಇದಕ್ಕಿಂತ ಹೊಂದುವ ದೇಶ ಇನ್ನೊಂದಿಲ್ಲ.

ಭಾರತದ ಹೋಟೆಲುಗಳ ಬಗ್ಗೆ ನಾನು ನಿಷ್ಪಕ್ಷಪಾತವಾಗಿ ಮಾತನಾಡಲಾರೆ. ಅಲ್ಲಿಗೆ ಕರೆದೊಯ್ದ ಸಹೋದ್ಯೋಗಿಗಳು ಬಫೆಯ ಮುಂದೆ ನಿಂತು, ಇದು ನಿಮ್ಮ ಮನೆಯ ಅಡುಗೆಯ ಹಾಗೆಯೇ ಇದೆಯೇ ಎಂದು ಆಸೆಯಿಂದ ಕೇಳುತ್ತಾರೆ. ಪನೀರ್ ಎಂಬ ಪದಾರ್ಥವನ್ನು ನನ್ನ ತಾಯಿ ಜೀವಮಾನದಲ್ಲಿ ಒಮ್ಮೆಯೂ ಅಡುಗೆಮನೆಗೆ ತಂದವರಲ್ಲ. ಹುರುಳಿಕಾಳಿನ ಬಸ್ಸಾರು ಆ ಬಫೆಯ ಉಗಿಪಾತ್ರೆಗಳಲ್ಲಿ ಎಂದೂ ಕಾಣಿಸಿಕೊಂಡಿಲ್ಲ. ಹೌದೆಂದರೆ ಸುಳ್ಳು, ಇಲ್ಲವೆಂದರೆ ಅವರ ಮುಖ ಬಾಡುತ್ತದೆ. ಹೌದೆಂದೇ ಹೇಳಿ ನಾನ್ ಹರಿದು ತಿನ್ನುತ್ತೇನೆ.

ಇನ್ನುಳಿದದ್ದು ಟಿಬೆಟ್ ಹೋಟೆಲು. ಜೋಳದ ಹೊಲಗಳ ನಡುವಿನ ಊರಿನಲ್ಲಿ ಅದು ಇರುವುದಕ್ಕೆ ಕಾರಣವಿದೆ. ದಲೈ ಲಾಮಾ ಅವರ ಹಿರಿಯ ಅಣ್ಣ ತಕ್ತ್ಸೆರ್ ರಿನ್‌ಪೋಚೆ, ಅಂದರೆ ಥುಬ್ತೆನ್ ಜಿಗ್ಮೆ ನೋರ್ಬು ಅವರು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 1979ರಲ್ಲಿ ಊರಿನ ದಕ್ಷಿಣಕ್ಕೆ ಟಿಬೆಟನ್ ಸಾಂಸ್ಕೃತಿಕ ಕೇಂದ್ರವನ್ನು ಸ್ಥಾಪಿಸಿದರು. 1999ರಲ್ಲಿ ದಲೈ ಲಾಮಾ ಅವರೇ ಬಂದು ಇಲ್ಲಿ ಕಾಲಚಕ್ರ ದೀಕ್ಷೆ ನೀಡಿದರು. ನನ್ನ ಕಾರಣ ಇನ್ನೂ ಸರಳ. ಬೈಲಕುಪ್ಪೆ ನಮ್ಮ ತಾಲ್ಲೂಕಿನದು. 1960ರ ದಶಕದ ಆರಂಭದಲ್ಲಿ ಕಾಡು ಕಡಿದು ಅಲ್ಲಿ ನೆಲೆಸಿದ ಟಿಬೆಟಿನವರು ಬೆಳೆದದ್ದೂ ಮುಸುಕಿನ ಜೋಳವನ್ನೇ. ನಮಗೆ ಅದು ಬರಿಯ ‘ಕ್ಯಾಂಪ್’. ಒಂದನೇ ಕ್ಯಾಂಪು, ನಾಲ್ಕನೇ ಕ್ಯಾಂಪು ಎಂದು ಸೈಕಲ್ಲಿನಲ್ಲಿ ಸುತ್ತುತ್ತಿದ್ದೆವು. ನಾನು ಮೊದಲ ಮೊಮೊ ತಿಂದದ್ದು ಅಲ್ಲಿಯ ತಗಡಿನ ಮಾಡಿನ ಅಂಗಡಿಯೊಂದರಲ್ಲಿ, ಒಂಬತ್ತನೆಯ ತರಗತಿಯಲ್ಲಿದ್ದಾಗ, ಅದನ್ನು ಕಡುಬು ಎಂದು ಕರೆದು ನಗೆಗೀಡಾಗಿ.

ಇಲ್ಲಿನ ಬಡಿಸುವ ಹುಡುಗನ ಹತ್ತಿರ ಬೈಲಕುಪ್ಪೆಯ ಹೆಸರೆತ್ತಿದಾಗ ಅವನು ತಟ್ಟೆ ಹಿಡಿದುಕೊಂಡೇ ನಿಂತು, ‘ನಾ ಮುಂಡಗೋಡದಾಂವರಿ’ ಎಂದ. ಹುಬ್ಬಳ್ಳಿಯ ಗಾಳಿ ತಾಗಿದ ಅವನ ಕನ್ನಡಕ್ಕೂ ನನ್ನ ಮೈಸೂರಿನ ಕಡೆಯ ಕನ್ನಡಕ್ಕೂ ಹೊಂದಿಕೊಳ್ಳಲು ಐದು ನಿಮಿಷ ಹಿಡಿಯಿತು. ಹಿಂದಿ ಸುಲಭವಾಗುತ್ತಿತ್ತೇನೋ, ಆದರೆ ಇಬ್ಬರೂ ಬಿಟ್ಟುಕೊಡಲಿಲ್ಲ.

ಕಳೆದ ಶುಕ್ರವಾರ ಹೊಸ ಸಹೋದ್ಯೋಗಿಯನ್ನು ಅಲ್ಲಿಗೇ ಕರೆದೊಯ್ದೆ. ಎಲೆಕೋಸು, ಆಲೂಗಡ್ಡೆ ತುಂಬಿದ ಎಂಟು ಮೊಮೊ, ಜೊತೆಗೆ ಟೊಮೆಟೊದ ತಿಳಿಗೆಂಪು ಚಟ್ನಿ ಮೇಜಿಗೆ ಬಂದವು. ಆಕೆ ಚಟ್ನಿಯನ್ನು ಧಾರಾಳವಾಗಿ ಸುರಿದುಕೊಂಡು ಚೆನ್ನಾಗಿದೆಯೆಂದು ತಲೆದೂಗಿದಳು. ಹುಡುಗ ಅವಳ ಲೋಟಕ್ಕೆ ನೀರು ತುಂಬಿಸಿ, ನನ್ನ ಕಡೆ ಬಾಗಿ, ದನಿ ತಗ್ಗಿಸಿ ಕೇಳಿದ: ‘ಒಳಗ ನಮಗಂತ ಮಾಡ್ಕೊಂಡಿದ್ದು ಐತ್ರಿ ಸರ, ತರ್ಲೇನು? ಖಾರ ಭಾಳ ಐತಿ ಮತ್ತ.’

‘ತಗೊಂಡ್ ಬಾರಪ್ಪ,’ ಎಂದು, ನಾನು ಎಚ್ಚರಿಕೆಗೆ ನೀರಿನ ಜಗ್ಗನ್ನು ಹತ್ತಿರಕ್ಕೆ ಎಳೆದುಕೊಂಡೆ.