ಸ್ಪಷ್ಟನೆ: ಜೂನ್‌ನ ಲೇಹ್ ಪ್ರವಾಸಕ್ಕೂ ಸ್ವೆಟರ್ ಬೇಕು

“ಲೇಹ್‌ನಲ್ಲಿ ಜೂನ್ ಎಂದರೆ ಬೇಸಿಗೆ, ಮಡಿಕೇರಿಯ ಚಳಿ ಕಂಡವರಿಗೆ ಸ್ವೆಟರ್ ಬೇಡ” ಎಂದು ನಾನು ಕಳುಹಿಸಿದ ಸಂದೇಶ ವಿರಾಜಪೇಟೆ, ಕುಶಾಲನಗರದ ಗುಂಪುಗಳಲ್ಲೂ ಹರಿದಾಡುತ್ತಿದೆ. ಅದು ತಪ್ಪು.

ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್, ಲೇಹ್‌ನದು 3,500. ಮನಾಲಿಯಿಂದ ಹೋಗುವ ದಾರಿ ತಗ್ಲಾಂಗ್ ಲಾ ಎಂಬ ಘಾಟಿಯಲ್ಲಿ 5,300 ಮೀಟರ್ ದಾಟುತ್ತದೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಹಗಲಿನ ಬಿಸಿಲು ಚುರುಗುಟ್ಟಿದರೂ ಮೇಲಿನ ಘಾಟಿಗಳಲ್ಲಿ ಜೂನ್‌ನಲ್ಲೂ ಹಿಮ ಬೀಳುವುದುಂಟು.

ಒಂದೇ ದಪ್ಪ ಕೋಟಿನ ಬದಲು ತೆಳು ಅಂಗಿ, ಉಣ್ಣೆಯ ಸ್ವೆಟರ್, ಗಾಳಿ ತಡೆಯುವ ಜಾಕೆಟ್ ಒಂದರ ಮೇಲೊಂದು ಧರಿಸಿ, ಬಿಸಿಲೇರಿದಂತೆ ಕಳಚಬಹುದು. ತೋಟಕ್ಕೆ ಹಾಕುವ ರೈನ್‌ಕೋಟ್ ಅಲ್ಲಿಗೂ ಆದೀತು. ಜೀನ್ಸ್ ಮಾತ್ರ ನೆಚ್ಚಬೇಡಿ, ನೆನೆದರೆ ಬೇಗ ಒಣಗುವುದಿಲ್ಲ. ಮಕ್ಕಳಿಗೆ ಕಿವಿ ಮುಚ್ಚುವ ಟೋಪಿ ಮರೆಯಬೇಡಿ.

ಹಳೆಯ ಸಂದೇಶವನ್ನು ದಯವಿಟ್ಟು ಯಾರಿಗೂ ಕಳುಹಿಸಬೇಡಿ.